ಐದನೆಯ ಡೋಸ್

ನನ್ನ ಕೋಣೆಗೆ ಬರುವವರೆಲ್ಲ ಹೋಗುವವರು. ಬಹರೈನ್‌ನ ಅದ್ಲಿಯಾದಲ್ಲಿ, ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ನರ್ಸು. ವಿದೇಶಕ್ಕೆ ಹೊರಟವರಿಗೆ ಲಸಿಕೆ ಕೊಡುವುದು ನನ್ನ ಕೆಲಸ. ಬಂದು ಅಂಗಿಯ ತೋಳು ಮಡಚಿ ಕೂರುತ್ತಾರೆ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ಎದ್ದು ಹೋಗುತ್ತಾರೆ. ಹದಿನೆಂಟು ವರ್ಷದಿಂದ ನಾನು ಮಾತ್ರ ಇದ್ದಲ್ಲೇ ಇದ್ದೇನೆ.

ಗಂಡ ಹರ್ಬರ್ಟ್ ಇಲ್ಲಿಯೇ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಹೋಗುವವರ ಮೇಲೆ ಮನಸ್ಸಿಡಬಾರದು ಎಂದು ನಿಯಮ ಮಾಡಿಕೊಂಡಿದ್ದೆ. ಬಹರೈನ್‌ನಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಹೋಗುವವರೇ ಆದ್ದರಿಂದ ಯಾರ ಮೇಲೂ ಮನಸ್ಸಿಡದಿದ್ದರೆ ಮುಗಿಯಿತು. ಸೆಗಯಾದ ಫ್ಲ್ಯಾಟಿನಿಂದ ಕ್ಲಿನಿಕ್ಕು, ಕ್ಲಿನಿಕ್ಕಿನಿಂದ ಫ್ಲ್ಯಾಟು, ಶುಕ್ರವಾರ ಇಗರ್ಜಿ. ದಣಿವು ಎಷ್ಟು ಹಳೆಯದಾಗಿತ್ತೆಂದರೆ, ಅದು ದಣಿವು ಎಂಬುದೇ ನನಗೆ ಮರೆತುಹೋಗಿತ್ತು.

ರೋನ್ಸನ್ ಮೊದಲ ಸಲ ಬಂದದ್ದು ಒಂದು ಶನಿವಾರ, ನನ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ. ನಲವತ್ತೈದರ ಆಸುಪಾಸು, ಕೆಲಸದ ನೀಲಿ ಅಂಗಿ, ಕಿವಿಯ ಮೇಲೆ ನರೆ. ಜುಫೈರ್‌ನ ಹೋಟೆಲುಗಳಲ್ಲಿ ಹದಿನೇಳು ವರ್ಷದಿಂದ ಎಸಿ ಮೆಕ್ಯಾನಿಕ್. ಅವರಿಗೆ ಹಳದಿ ಜ್ವರದ ಲಸಿಕೆ ಬೇಕಾಗಿತ್ತು.

"ಯಾವ ದೇಶಕ್ಕೆ?" ಎಂದೆ, ಡಬ್ಬಿಯ ಮುಚ್ಚಳ ಮತ್ತೆ ಹಾಕುತ್ತಾ.

"ಯುಗಾಂಡಾ, ಸಿಸ್ಟರ್. ಅಲ್ಲಿ ಒಂದು ಅಭಯಾರಣ್ಯದಲ್ಲಿ ಕೆಲಸ ಸಿಕ್ಕಿದೆ. ಪಂಪು, ಜನರೇಟರ್, ಜೀಪು, ಎಲ್ಲ ನೋಡಿಕೊಳ್ಳುವುದು."

ಮೊಟ್ಟೆ ತಿಂದರೆ ಅಲರ್ಜಿ ಉಂಟಾ ಎಂದು ಕೇಳಿದೆ. ಈ ಲಸಿಕೆಗೆ ಮೊದಲು ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅವರು ನನ್ನ ಡಬ್ಬಿಯ ಕಡೆ ನೋಡಿ, ಮೊಟ್ಟೆ ಕೊಟ್ಟರೆ ತಿಂದು ತೋರಿಸುತ್ತೇನೆ ಎಂದರು. ನಾನು ನಗಲಿಲ್ಲ. ಆದರೆ ಡಬ್ಬಿಯಲ್ಲಿ ಇದ್ದದ್ದು ಮೊಟ್ಟೆಯ ಸಾರೇ.

ಅಂದು ಲಸಿಕೆ ಕೊಡಲಾಗಲಿಲ್ಲ. ಹಳದಿ ಜ್ವರದ ಔಷಧ ಬರುವುದು ಒಂದು ಸೀಸೆಯಲ್ಲಿ ಐದು ಡೋಸ್. ಒಮ್ಮೆ ನೀರು ಬೆರೆಸಿದರೆ ಒಂದು ಗಂಟೆಯೊಳಗೆ ಐದೂ ಮುಗಿಯಬೇಕು, ಉಳಿದರೆ ಎಸೆಯಬೇಕು. ಆದ್ದರಿಂದ ಐದು ಜನ ಸೇರಿದ ಮೇಲೆಯೇ ಸೀಸೆ ಒಡೆಯುವುದು ನಮ್ಮಲ್ಲಿಯ ಕ್ರಮ. ಹದಿನೆಂಟು ವರ್ಷದಲ್ಲಿ ನಾನು ಒಂದು ಹನಿಯನ್ನೂ ಹಾಳು ಮಾಡಿದವಳಲ್ಲ, ಮತ್ತು ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ರಿಸೆಪ್ಷನ್‌ನಲ್ಲಿ ಕೂರುವ ಉಳ್ಳಾಲದ ಸಬೀನಾ, ರೋನ್ಸನ್‌ರ ಹೆಸರನ್ನು ಪಟ್ಟಿಯಲ್ಲಿ ಮೂರನೆಯದಾಗಿ ಬರೆದುಕೊಂಡಳು.

ಹೊರಡುವ ಮುನ್ನ ರೋನ್ಸನ್ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿದರು. ನನ್ನನ್ನು ನೋಡುತ್ತಿದ್ದಾರೆ ಎಂದುಕೊಂಡು ನಾನು ಮುಖ ಗಂಟಿಕ್ಕಿದೆ. ಅವರು ಆಲಿಸುತ್ತಿದ್ದದ್ದು ನನ್ನ ಹಿಂದಿದ್ದ ಲಸಿಕೆಯ ಫ್ರಿಜ್ಜನ್ನು.

"ಪಾಪ, ತುಂಬಾ ಸುಸ್ತಾಗಿದೆ ಅದಕ್ಕೆ," ಎಂದರು. "ಬಾಗಿಲಿನ ರಬ್ಬರ್ ಹೋಗಿದೆ. ಒಂದೇ ಸಮನೆ ಓಡ್ತಾ ಉಂಟು, ನಿಲ್ಲಲಿಕ್ಕೆ ಬಿಡುವೇ ಇಲ್ಲ."

ಯಾಕೋ ಆ ಮಾತು ನನಗೇ ಹೇಳಿದ ಹಾಗಾಯಿತು. ಆ ದಿನ ಮನೆಗೆ ಹೋದ ಮೇಲೂ ಅದನ್ನೇ ನೆನೆಸಿಕೊಂಡೆ, ಮತ್ತು ಹಾಗೆ ನೆನೆಸಿಕೊಂಡದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಶನಿವಾರ ಐದು ಜನ ಸೇರಿದರೋ ಎಂದು ಕೇಳುವ ನೆಪದಲ್ಲಿ ಬಂದರು, ಕೈಯಲ್ಲಿ ಹೊಸ ರಬ್ಬರ್. ಪಟ್ಟಿ ನಾಲ್ಕಕ್ಕೆ ಬಂದು ನಿಂತಿತ್ತು. ನೆಲದ ಮೇಲೆ ಕೂತು, ಹಳೆಯದನ್ನು ಕಿತ್ತು ಹೊಸದನ್ನು ಬೆರಳಿನಲ್ಲಿ ಒತ್ತುತ್ತಾ ಹೋದರು. ಒತ್ತುವಾಗ ನಾಲಿಗೆಯ ತುದಿ ತುಟಿಯ ಮೂಲೆಗೆ ಬರುತ್ತಿತ್ತು. ನಾನು ರಿಜಿಸ್ಟರ್ ಬರೆಯುತ್ತಿದ್ದವಳು ಒಂದೇ ಸಾಲನ್ನು ಎರಡು ಸಲ ಬರೆದೆ.

ಕೆಲಸ ಮುಗಿದ ಮೇಲೆ ಹತ್ತಿರದ ಅಂಗಡಿಯಲ್ಲಿ ಕರಕ್ ಚಹಾ ಕುಡಿದೆವು. ಮಾತು ಕೊಂಕಣಿಯಲ್ಲಿ ಶುರುವಾಗಿ ಬೇಗ ಕನ್ನಡಕ್ಕೆ ಹೊರಳಿತು. ಅವರು ಓದಿದ್ದು ಕಾರ್ಕಳದ ಕನ್ನಡ ಶಾಲೆ, ನಾನು ಕಿನ್ನಿಗೋಳಿಯದು. ಈ ವಯಸ್ಸಿನಲ್ಲಿ ಕಾಡಿಗೆ ಯಾಕೆ ಹೋಗುತ್ತೀರಿ ಎಂದು ಕೇಳಿದೆ. ಹದಿನೇಳು ವರ್ಷ ಹೋಟೆಲಿನ ತಾರಸಿಯ ಬಿಸಿಲಿನಲ್ಲಿ ನಿಂತು ಒಳಗಿನವರಿಗೆ ತಂಪು ಮಾಡಿಕೊಟ್ಟಾಯಿತು, ಆ ಒಳಗಿನವರಲ್ಲಿ ಒಬ್ಬರ ಮುಖವೂ ನೆನಪಿಲ್ಲ ಎಂದರು. ಮದುವೆ ಆಗಿಲ್ಲವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೂ ಹೇಳಲಿಲ್ಲ.

"ಅಲ್ಲಿ ಬೇಸಿಗೆಯಲ್ಲಿ ಪ್ರಾಣಿಗಳಿಗೆ ಪಂಪಿನಲ್ಲಿ ನೀರು ಬಿಡ್ಬೇಕು," ಎಂದರು. "ಆದ್ರೆ ಆನೆಗಳಿಗೆ ತಾಳ್ಮೆ ಇಲ್ಲ. ನೆಲದಡಿಯ ಪೈಪನ್ನೇ ಅಗೆದು ಒಡೆದು ಕುಡೀತಾವಂತೆ. ನಾನು ಸರಿ ಮಾಡೋದು, ಅವು ಒಡೆಯೋದು. ಅಂಥ ಗಿರಾಕಿಗಳು ನನಗೆ ಇಷ್ಟ."

ಇನ್ನೊಂದು ಸಂಗತಿಯನ್ನೂ ಹೇಳಿದರು, ಗ್ಲಾಸಿನ ತಳ ನೋಡುತ್ತಾ. ಕಾಡು ಕಾಯುವವರ ಕುಟುಂಬಗಳಿಗೆಂದು ಅಲ್ಲಿ ಒಂದು ಸಣ್ಣ ಕ್ಲಿನಿಕ್ಕು ಇದೆಯಂತೆ. ಕಟ್ಟಡವಿದೆ, ಮಂಚವಿದೆ, ಫ್ರಿಜ್ಜೂ ಇದೆ. ವರ್ಷದಿಂದ ನರ್ಸು ಇಲ್ಲ. ಇಷ್ಟು ಹೇಳಿ, ಚಹಾ ಆರಿತು ಎಂದು ಎದ್ದುಬಿಟ್ಟರು.

ನನ್ನ ಮೇಜಿನ ಡ್ರಾಯರ್‌ನಲ್ಲಿ ಆಗ ಒಂದು ಕಾಗದ ಬಿದ್ದಿತ್ತು. ಇನ್ನೂ ಎರಡು ವರ್ಷ ಇಲ್ಲಿಯೇ ಇರುತ್ತೇನೆ ಎಂದು ಸಹಿ ಮಾಡಿ ಆ ತಿಂಗಳೊಳಗೆ ಕೊಡಬೇಕಾದ ಕಾಗದ. ಪ್ರತಿ ಸಲ ಬಂದ ದಿನವೇ ಸಹಿ ಹಾಕಿ ಕೊಡುತ್ತಿದ್ದೆ. ಈ ಸಲ ಪೆನ್ನು ಸಿಗಲಿಲ್ಲ ಎಂದು ಎರಡು ವಾರ ನೂಕಿದ್ದೆ. ನರ್ಸಿನ ಜೇಬಿನಲ್ಲಿ ಪೆನ್ನು ಇರುವುದಿಲ್ಲವೇ?

ಬುಧವಾರ ಸಬೀನಾ ಪಟ್ಟಿ ಹಿಡಿದುಕೊಂಡು ಬಂದಳು.

"ವಾಯೊಲೆಟಕ್ಕಾ, ಐದು ಜನ ಆಯ್ತು. ನಿಮ್ಮ ರಬ್ಬರಿನವರೇ ಬಂದು ಐದನೇ ಹೆಸರು ಬರೆದು ಹೋದ್ರು. ನೋಡಿ, ನಿಮ್ಮದೇ ಹೆಸರಿನವಳು."

ನೋಡಿದೆ. ವಾಯೊಲೆಟ್. ಎದುರಿಗೆ ಫೋನ್ ನಂಬರು, ರೋನ್ಸನ್‌ರದೇ. ನಮ್ಮ ಕಡೆ ಗಂಡ ಹೆಂಡತಿ ಒಂದೇ ನಂಬರು ಕೊಡುವುದು ದಿನಾ ನೋಡುವ ಸಂಗತಿ. ಹೆಂಡತಿಯನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದೆ. ಸಬೀನಾ ನನ್ನ ಮುಖವನ್ನೇ ನೋಡಿ, ಪಟ್ಟಿ ಎತ್ತಿಕೊಂಡು ಹೋದಳು.

ಆ ಹೆಂಗಸು ಹೇಗಿರಬಹುದು ಎಂದು ಎರಡು ದಿನ ಯೋಚಿಸಿದೆ. ನನಗಿಂತ ಚಿಕ್ಕವಳಿರಬಹುದು, ಕಾಲುನೋವು ಇಲ್ಲದವಳು. ನನ್ನ ಹೆಸರನ್ನು ಇಟ್ಟುಕೊಂಡು ನಾನು ಹೋಗಲಾಗದ ಕಡೆಗೆ ಹೋಗುವವಳು. ರೋನ್ಸನ್‌ರ ಮೇಲೆ ಸಿಟ್ಟಾಗಲು ನನಗೆ ಹಕ್ಕಿರಲಿಲ್ಲ. ಅವರು ರಬ್ಬರ್ ಹಾಕಿದ್ದರು, ಒಂದು ಗ್ಲಾಸು ಚಹಾ ಕುಡಿಸಿದ್ದರು, ಅಷ್ಟೇ. ಆದರೂ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಶುಕ್ರವಾರ ಇಗರ್ಜಿಯ ಪೂಜೆಯಿಂದ ಬಂದವಳೇ, ಕಾಗದಕ್ಕೆ ನಾಳೆ ಸಹಿ ಹಾಕಿಬಿಡುವುದೆಂದು ತೀರ್ಮಾನಿಸಿದೆ.

ಶನಿವಾರ ಹತ್ತು ಗಂಟೆಗೆ ಎಲ್ಲರೂ ಬಂದರು. ಕೆನ್ಯಾಕ್ಕೆ ವ್ಯಾಪಾರಕ್ಕೆಂದು ಹೊರಟಿದ್ದ ಅಲಿ ಎಂಬ ಹಿರಿಯರು, ಅವರ ತಮ್ಮ, ಘಾನಾಕ್ಕೆ ಹೋಗುವ ಕ್ರೇಗ್ ಎಂಬ ಇಂಜಿನಿಯರ್. ಕಡೆಗೆ ರೋನ್ಸನ್. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ನನ್ನನ್ನು ನೋಡಿ ನಗಲು ಹೊರಟವರು ನನ್ನ ಮುಖ ಕಂಡು ಅರ್ಧಕ್ಕೆ ನಿಲ್ಲಿಸಿದರು. ಹೆಂಡತಿ ಹೊರಗೆ ಪಾರ್ಕಿಂಗ್ ಹುಡುಕುತ್ತಿರಬೇಕು ಎಂದುಕೊಂಡೆ. ಅವಳು ಒಳಗೆ ಬರುವುದರೊಳಗೆ ಉಳಿದವರದು ಮುಗಿಸಿದರೆ, ಇಬ್ಬರನ್ನೂ ಬೇಗ ಕಳುಹಿಸಿಬಿಡಬಹುದು. ಸೀಸೆ ಒಡೆದು ನೀರು ಬೆರೆಸಿದೆ.

ತಲೆ ಎಣಿಸದೆ ಸೀಸೆ ಒಡೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಮೂವರದು ಆಯಿತು. ರೋನ್ಸನ್ ಅಂಗಿಯ ತೋಳು ಮಡಚಿ ಕೂತರು. ನಾನು ಒಂದು ಮಾತೂ ಆಡದೆ ಚುಚ್ಚಿದೆ, ಬೇಕಾದ್ದಕ್ಕಿಂತ ಜೋರಾಗಿಯೇ ಇರಬೇಕು. ಅವರು ಹಲ್ಲು ಕಚ್ಚಿದರು.

"ನಿಮ್ಮ ಮನೆಯವರನ್ನು ಕರೀರಿ," ಎಂದೆ. "ಇನ್ನು ನಲವತ್ತು ನಿಮಿಷ ಮಾತ್ರ ಉಂಟು."

"ಯಾವ ಮನೆಯವರು?"

ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ನೋಡಿದರು, ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ನೋಡಿದರು. ಕಿವಿ ಕೆಂಪಾಯಿತು.

"ನನಗೆ ಮದುವೆ ಆಗಲಿಲ್ಲ, ಸಿಸ್ಟರ್," ಎಂದರು ಕೆಳದನಿಯಲ್ಲಿ. "ಐದು ಜನ ಆಗದೆ ಕೊಡೋದಿಲ್ಲ ಅಂತ ಸಬೀನಾ ಹೇಳಿದ್ರು. ಲಸಿಕೆಯ ಹಳದಿ ಕಾರ್ಡು ಚುಚ್ಚಿಸಿ ಹತ್ತು ದಿನ ಕಳೆದ ಮೇಲೆಯೇ ನಡೆಯೋದು, ಟಿಕೆಟ್ ಇವತ್ತಿಂದ ಹನ್ನೆರಡನೇ ದಿನಕ್ಕೆ. ಯಾರಾದ್ರೂ ಸಿಗ್ತಾರೆ, ಸದ್ಯಕ್ಕೆ ಒಂದು ಹೆಸರು ಬರೆಯುವಾ ಅಂತ ಪೆನ್ನು ತೆಗೊಂಡೆ. ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಇದೊಂದೇ ಹೆಸರು."

ನನಗೆ ರೇಗಿಹೋಯಿತು. ಒಂದು ಹನಿ ಹಾಳು ಮಾಡದವಳ ಕೈಯಿಂದ ಒಂದು ಡೋಸ್ ಹಾಳು ಮಾಡಿಸಿದಿರಲ್ಲ ಎಂದೆ, ಇದೇನು ಹುಡುಗಾಟ ಎಂದೆ, ಇನ್ನೂ ಏನೇನೋ ಎಂದೆ. ಅಳು ಬರುವ ಹಾಗಿದ್ದುದರಿಂದ ಮಾತು ಉದ್ದವಾಯಿತು. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

"ಮೊದಲು ಸುಮ್ಮನೆ ಬರೆದದ್ದು," ಎಂದರು ಕಡೆಗೆ. "ಮರುದಿನ ಅಳಿಸುವಾ ಅಂತಲೇ ಇಲ್ಲಿಗೆ ಬಂದೆ. ನನ್ನ ಹೆಸರಿನಿಂದ ಎರಡೇ ಸಾಲು ಕೆಳಗೆ ನಿಮ್ಮ ಹೆಸರು ಕಂಡಿತು. ಅಳಿಸ್ಲಿಕ್ಕೆ ಮನಸ್ಸು ಬರಲಿಲ್ಲ."

ನಾನು ಬಾಗಿಲ ಕಡೆ ಕೈ ತೋರಿಸಿ, ಲಸಿಕೆ ಆದವರು ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಬೇಕು ಎಂದೆ. ಹೋದರು.

ಕೋಣೆಯಲ್ಲಿ ನಾನು, ಸೀಸೆ, ಗೋಡೆಯ ಗಡಿಯಾರ. ಹೊಸ ರಬ್ಬರ್ ಹಾಕಿದ ಮೇಲೆ ಫ್ರಿಜ್ಜು ಆಗಾಗ ಸದ್ದು ನಿಲ್ಲಿಸುತ್ತಿತ್ತು, ಆಗಲೂ ನಿಂತಿತ್ತು. ಡ್ರಾಯರ್ ತೆರೆದು ಕಾಗದ ತೆಗೆದೆ. ಇನ್ನು ಎರಡು ವರ್ಷ, ಆಮೇಲೆ ಮತ್ತೆ ಎರಡು ವರ್ಷ. ಹರ್ಬರ್ಟ್ ಬದುಕಿದ್ದಾಗ, ಒಂದು ಕಡೆ ಬೇರು ಬಿಟ್ಟವಳನ್ನು ಅಲುಗಾಡಿಸುವುದು ಕಷ್ಟ ಎಂದು ನನ್ನನ್ನು ಛೇಡಿಸುತ್ತಿದ್ದ. ಆದರೆ ಇದು ಬೇರು ಬಿಟ್ಟದ್ದಲ್ಲ. ಏಳಲು ಬೇಸರವಾಗಿ ಕೂತಲ್ಲೇ ಕೂತದ್ದು, ಅಷ್ಟೇ. ಹೆದರಿಕೆಯಾಗುತ್ತಿತ್ತು. ಆನೆಗಳಿಗಲ್ಲ, ಇನ್ನೊಮ್ಮೆ ಒಬ್ಬರನ್ನು ಮಣ್ಣು ಮಾಡಬೇಕಾದೀತು ಎಂಬುದಕ್ಕೆ. ಆ ಹೆದರಿಕೆ ಹೋಗುವವರೆಗೆ ಕಾಯುತ್ತೇನೆಂದರೆ ಸೀಸೆಗೆ ಇದ್ದದ್ದು ಇನ್ನು ಇಪ್ಪತ್ತೈದು ನಿಮಿಷ.

ಎದ್ದು ನಮ್ಮ ಕ್ಲಿನಿಕ್ಕಿನ ಡಾಕ್ಟರ್ ಸಾಹಿರಾ ಬಳಿಗೆ ಹೋದೆ. ಅವರು ನನ್ನ ಬಿ.ಪಿ. ನೋಡಿ, ಮೊಟ್ಟೆಯ ಪ್ರಶ್ನೆ ಕೇಳಿ, ಎಲ್ಲಿಗೆ ಪ್ರಯಾಣ ಎಂದರು. ಯುಗಾಂಡಾ ಎಂದೆ. ನನ್ನ ಬಾಯಿಂದಲೇ ಆ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ಅವರು ಸಹಿ ಮಾಡಿ, ಪಕ್ಕದ ಕೋಣೆಯ ನರ್ಸನ್ನು ಕರೆದು ನನಗೆ ಚುಚ್ಚಿಸಿದರು. ಇಷ್ಟು ವರ್ಷ ಎಲ್ಲರಿಗೂ ಇರುವೆ ಕಚ್ಚಿದ ಹಾಗೆ ಎಂದು ಹೇಳುತ್ತಿದ್ದೆ. ಸುಳ್ಳು, ಚೆನ್ನಾಗಿಯೇ ನೋಯುತ್ತದೆ.

ಸಬೀನಾ ಹಳದಿ ಕಾರ್ಡು ಬರೆಯಲು ಪಟ್ಟಿ ತೆಗೆದಳು. ಹೆಸರು ಮೊದಲೇ ಇತ್ತು.

"ನಂಬರ್ ಬದಲಾಯಿಸ್ಬೇಕಾ ಅಕ್ಕ?" ಎಂದಳು, ನನ್ನ ಮುಖ ನೋಡದೆ.

"ಬೇಡ," ಎಂದೆ. "ಅದೇ ಇರ್ಲಿ."

ಹತ್ತಿ ಒತ್ತಿಕೊಂಡು ಹೊರಗೆ ಹೋದೆ. ಅಲಿಯವರೂ ತಮ್ಮನೂ ಕ್ರೇಗೂ ಎದ್ದು ಹೊರಟಾಗಿತ್ತು. ರೋನ್ಸನ್‌ರ ಅರ್ಧ ಗಂಟೆಯೂ ಮುಗಿದಿತ್ತು, ಆದರೂ ಕೂತಿದ್ದರು, ಕೈಗಳನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು. ನಾನು ಪಕ್ಕದಲ್ಲಿ ಕೂತೆ. ಅವರು ಮೊದಲು ನನ್ನ ತೋಳಿನ ಹತ್ತಿಯನ್ನು ನೋಡಿದರು, ಆಮೇಲೆ ನನ್ನನ್ನು, ಮತ್ತೆ ಹತ್ತಿಯನ್ನು. ನನ್ನ ಕಣ್ಣು ನೋಡಲು ಅಷ್ಟು ಹೆದರಿದ ಗಂಡಸನ್ನು ನಾನು ಈವರೆಗೆ ನೋಡಿರಲಿಲ್ಲ.

"ಹಾಳಾಗಬಾರ್ದು ಅಂತ ತೆಗೊಂಡ್ರಾ?" ಎಂದರು.

"ಹಾಳಾಗಬಾರ್ದು ಅಂತಲೇ," ಎಂದೆ. "ಕೆಲಸ ಬಿಡಲಿಕ್ಕೆ ಮೂರು ತಿಂಗಳ ನೋಟಿಸ್ ಕೊಡ್ಬೇಕು. ಇವತ್ತು ಕೊಡ್ತೇನೆ. ನೀವು ಮೊದಲು ಹೋಗಿ. ಆ ಕ್ಲಿನಿಕ್ಕಿನ ಫ್ರಿಜ್ಜು ಹೇಗುಂಟು ಅಂತ ನೋಡಿ ಹೇಳಿ, ನನ್ನ ಅರ್ಜಿ ಯಾರಿಗೆ ಬರೀಬೇಕು ಅಂತ ಕೇಳಿ. ಉಳಿದದ್ದನ್ನು ಇಗರ್ಜಿಯ ಫಾದರ್ ಹತ್ರ ಮಾತಾಡುವಾ."

ಅವರು ಬೆಂಚಿನ ಮೇಲಿದ್ದ ನನ್ನ ಕೈಯ ಹತ್ತಿರ ತಮ್ಮ ಕೈ ತಂದು, ಮುಟ್ಟದೆ ಇಟ್ಟರು. ತೊಳೆದರೂ ಹೋಗದ ಗ್ರೀಸಿನ ಗೆರೆ ಉಗುರಿನಲ್ಲಿ ಉಳಿದಿತ್ತು.

"ಮೂರು ತಿಂಗಳು ಕಳೆದ್ರೆ ನಿಮ್ಮ ಕಾರ್ಡಿನ ವಾಯಿದೆ ಮುಗಿಯೋದಿಲ್ವಾ, ಸಿಸ್ಟರ್?"

"ಇದು ಒಮ್ಮೆ ತೆಗೊಂಡ್ರೆ ಜೀವಮಾನಕ್ಕೆ," ಎಂದೆ. "ಮತ್ತೆ, ಸಿಸ್ಟರ್ ಅಂತ ಕರೀಬೇಡಿ."

ಅವರು ನನ್ನ ಹೆಸರು ಹಿಡಿದು ಕರೆದರು, ಪಟ್ಟಿಯಲ್ಲಿ ಬರೆದಷ್ಟು ಸುಲಭವಾಗಿ ಅಲ್ಲ, ಎರಡು ಸಲ ತಡವರಿಸಿ. ನಾನು ಓಗೊಟ್ಟೆ. ನನ್ನ ಅರ್ಧ ಗಂಟೆ ಮುಗಿಯಲು ಇನ್ನೂ ಹೊತ್ತಿತ್ತು. ನಿಯಮದ ಪ್ರಕಾರ ಇಬ್ಬರೂ ಅಲ್ಲಿಯೇ ಕೂತೆವು.