ತುಕ್ಕು ಹಿಡಿಯದ ಜಾಗ

ನನ್ನಣ್ಣ ಬಸವಕಿರಣನನ್ನು ಕೊಂದ ಬಂದೂಕು ಹೋದ ವರ್ಷ ತಾರಿಹಾಳದ ನಮ್ಮ ವರ್ಕ್‌ಶಾಪಿಗೇ ರಿಪೇರಿಗೆ ಬಂತು. ಹಳೆಯ ಜೋಡುನಳಿಗೆಯ ಬಂದೂಕು. ಹಿಂದೆ ಅದರ ರಿಪೇರಿಯ ನಡುವೆ ಅಣ್ಣ ಪರೀಕ್ಷೆಗೆಂದು ಹಾರಿಸಿದಾಗ ನಳಿಗೆ ಒಡೆದಿತ್ತು. ಅವನ ಮಣ್ಣಿಗೂ ಬಾರದ, ಬಂದೂಕಿನ ಒಡೆಯ ಸಾಹುಕಾರನಿಗೆ ಆಯುಧಪೂಜೆಗೆ ಹೊಸ ನಳಿಗೆ ಬೇಕಿತ್ತಂತೆ.

“ಗ್ಯಾಸ್ ಕಟರ್ ಹಚ್ಚಿ ಕತ್ತರಸ್ತೇನಿ ನೋಡಪಾ ಇದನ್ನ!” ಎಂದು ಕೂಗಾಡಿದೆ.

“ಕಬ್ಬಿಣದ ಮ್ಯಾಲೆ ಏನ್ ಸಿಟ್ಟಲೇ? ನಿಮ್ಮಣ್ಣ ಅರ್ಧಕ್ಕ ಬಿಟ್ಟ ಕೆಲಸ, ನಾ ಮುಗಸ್ತೇನಿ,” ಎಂದ ಅಪ್ಪ.

ನಳಿಗೆ ಕೂರಿಸಿದ್ದಾಯಿತು. ಬಣ್ಣಕ್ಕಾಗಿ ಅದನ್ನು ತೊಳೆದು, ಆಸಿಡ್ ಸವರಿ, ಹಬೆಯ ಪೆಟ್ಟಿಗೆಯಲ್ಲಿಟ್ಟು ಬೇಕೆಂದೇ ತುಕ್ಕು ಹಿಡಿಸುತ್ತೇವೆ. ಕುದಿಸಿದರೆ ಆ ತುಕ್ಕೇ ಕಪ್ಪಾಗುತ್ತದೆ. ಬರಿಗೈ ತಾಗಿದರೆ ಕೆಟ್ಟಿತು, ಜಿಡ್ಡಿದ್ದಲ್ಲಿ ತುಕ್ಕು ಏರುವುದಿಲ್ಲ.

ಪೆಟ್ಟಿಗೆ ತೆರೆದರೆ ನಳಿಗೆಯ ಮೇಲೆ ಯಾರೋ ಹಿಡಿದ ಕೈಯ ಗುರುತು ಬೆಳ್ಳಗೆ ಹೊಳೆಯುತ್ತಿತ್ತು.

“ಕೈ ಹಚ್ಚಿದೇನಲೇ, ಹುಚ್ಚ?” ಎಂದು ಅಪ್ಪ ರೇಗಿದ.

“ಇಲ್ಲಪಾ, ನಿನ್ನಾಣಿ!”

ಉಜ್ಜಿ ತೊಳೆದು ಮತ್ತೆ ಇಟ್ಟೆವು. ಮತ್ತೆ ಅದೇ ಜಾಗ, ಅದೇ ಕೈ. ಈ ಸಲ ಅಪ್ಪ ಬಗ್ಗಿ ಬೆರಳುಗಳನ್ನು ನೋಡಿದ. ಕಿರುಬೆರಳಿರಲಿಲ್ಲ. ಅಣ್ಣನ ಎಡಗೈಯ ಕಿರುಬೆರಳನ್ನು ಹಿಂದೊಮ್ಮೆ ಲೇಥ್ ಮಷಿನ್ ತಿಂದಿತ್ತು.

ಸುದ್ದಿ ಕೇಳಿ ಅವ್ವ ಓಡಿ ಬಂದಳು. ಗುರುತಿನ ಮೇಲೆ ಅಂಗೈ ಇಟ್ಟು, “ನನ್ನ ಕೂಸಿನ ಕೈ ಬೆಚ್ಚಗ ಐತೋ,” ಎಂದಳು. ಮಣ್ಣು ಕೊಡುವಾಗಲೂ ಅಳದಿದ್ದ ಅಪ್ಪ ಅದನ್ನು ಮುಟ್ಟಿ, ಹಾಗೇ ಹಿಡಿದುಕೊಂಡು ಗಳಗಳನೆ ಅತ್ತ.

ಸಾಹುಕಾರನ ಫೋನ್ ಬಂದಾಗಲೆಲ್ಲ ಅಪ್ಪ, “ಬಣ್ಣ ಇನ್ನಾ ಹಿಡಿವಲ್ದ್ರಿ,” ಎನ್ನುತ್ತಾನೆ. ಅಪ್ಪ, ಅವ್ವ ಇಬ್ಬರೂ ದಿನಾ ಆ ಗುರುತನ್ನು ಮುಟ್ಟಿ ಬರುತ್ತಾರೆ. ನಾನೂ ಮುಟ್ಟುತ್ತೇನೆ, ಬೈಯುತ್ತೇನೆ, “ಅಣ್ಣಾ, ನಾನೋ,” ಎನ್ನುತ್ತೇನೆ.

ನನ್ನ ಕೈಗೆ ಮಾತ್ರ ಅದು ಇವತ್ತಿಗೂ ತಣ್ಣಗಿದೆ.