ಬಾರದ ರಾಣಿ

ಸಿಗ್ನಿಯ ಕಾರ್ಡುಗಳ ಕಟ್ಟು, ಅವಳ ಡೆಕ್, ಕರಗುತ್ತ ಕರಗುತ್ತ ಬೆರಳ ದಪ್ಪಕ್ಕೆ ಇಳಿದಿತ್ತು. ಗೆಲ್ಲಿಸಬೇಕಾದ ಕಾರ್ಡು, ಆಳದ ರಾಣಿ, ಇನ್ನೂ ಬಂದಿರಲಿಲ್ಲ.

ಸಿಗ್ನಿ ಮತ್ತೊಂದು ಕಾರ್ಡು ಎಳೆದಳು. ಬರೀ ನೆಲದ ಕಾರ್ಡು, ತಾನಾಗಿ ಏನೂ ಮಾಡದ್ದು. ಎದುರಿಗೆ ವೆಲ್ಮಾ, ಅಂಚೆ ಹಂಚಿ ಹಂಚಿ ನಿವೃತ್ತಳಾದವಳು, ತನ್ನ ಇಲಿಸೈನ್ಯದ ಕಾರ್ಡುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು.

"ಏನೇ ಹುಡುಗಿ, ಯಾರಿಗೋ ಕಾಯ್ತಿರೋ ಹಾಗಿದೆ?"

"ಬರ್ತಾಳೆ ವೆಲ್ಮಾ, ಸ್ವಲ್ಪ ತಾಳಿ."

ಬರಲಿಲ್ಲ. ಕಡೆಯ ಕಾರ್ಡೂ ಮುಗಿಯಿತು. ಎಳೆಯಲು ಕಾರ್ಡಿಲ್ಲದವರು ಸೋತಂತೆ. ಗೆದ್ದವರಿಗೆ ಶಿಕಾಗೋದ ದೊಡ್ಡ ಪಂದ್ಯದಲ್ಲಿ ಜಾಗ. ಡುಲೂತ್ ಊರಿನ ಆ ಕಾರ್ಡಾಟದ ಅಂಗಡಿಯಲ್ಲಿ ವರ್ಷಗಟ್ಟಲೆ ಆಡಿದರೂ ಸಿಗ್ನಿ ಫೈನಲ್ ತಲುಪಿದ್ದು ಇದೇ ಮೊದಲು. ಹಿಂದಿನ ಸುತ್ತುಗಳಲ್ಲಿ ಎದುರಾಳಿಗಳು ಬೇಸತ್ತು ತಾವೇ ಕೈಚೆಲ್ಲಿದ್ದರು, ರಾಣಿಯ ಅಗತ್ಯವೇ ಬಿದ್ದಿರಲಿಲ್ಲ.

ಅವಳು ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹುಡುಕಿದಳು. ಇರಬೇಕಾದುದಕ್ಕಿಂತ ಒಂದು ನೆಲ ಹೆಚ್ಚಿತ್ತು. ರಾಣಿ ಎಲ್ಲೂ ಇರಲಿಲ್ಲ.

ಬೆಳಿಗ್ಗೆ ಈ ಡೆಕ್ಕನ್ನು ಹೊಸ ಪ್ಲಾಸ್ಟಿಕ್ ಕವರುಗಳಿಗೆ ಹಾಕಿ ಕೊಟ್ಟವನು ಎಮೆಟ್.

ಎಮೆಟ್! ಇಡೀ ಚಳಿಗಾಲ ಯಾರ ಮುಖ ನೋಡಲು ಅವಳು ಗುರುವಾರಕ್ಕೆ ಕಾಯುತ್ತಿದ್ದಳೋ, ಅವನು.

ಅಕ್ಟೋಬರಿನಲ್ಲಿ ಅವಳೇ ಅವನ ಮೇಜಿಗೆ ಹೋಗಿ ಕೂತಿದ್ದಳು. ಅವಳದು ಮುನ್ನುಗ್ಗುವ ಡೆಕ್, ಬೇಗ ಗೆಲ್ಲಬೇಕು, ಇಲ್ಲವೇ ಬೇಗ ಸಾಯಬೇಕು. ಮನೆಮನೆಯ ಹೀಟರ್ ರಿಪೇರಿ ಮಾಡುವ ಎಮೆಟ್ ಅವಳನ್ನು ಪ್ರತಿ ಸಲವೂ ಸೋಲಿಸುತ್ತಿದ್ದ, ಅದೂ ಕ್ಷಮೆ ಕೇಳುವವನ ಮುಖ ಮಾಡಿಕೊಂಡು.

"ನಿನ್ನ ಹಾಗೆ ಆಡೋದು ಕಲಿಸು," ಎಂದಿದ್ದಳು.

"ಬೇಜಾರಾಗುತ್ತೆ ನಿಂಗೆ. ನಂದು ಕಂಟ್ರೋಲ್ ಡೆಕ್. ಎದುರಿನವರು ಏನು ಇಳಿಸಿದ್ರೂ ಆಗಲ್ಲ, ಆಗಲ್ಲ ಅಂತ ತಡೀತಾ ಇರೋದು. ಅವರಿಗೆ ಸಾಕಾದ ಮೇಲೆ ಒಂದೇ ಒಂದು ದೊಡ್ಡ ಕಾರ್ಡು."

"ದಿನಾ ನಾಯಿಗಳಿಗೆ ಉಗುರು ಕತ್ತರಿಸ್ತೀನಿ ಕಣೋ. ನಂಗೆ ತಾಳ್ಮೆ ಪಾಠ ಹೇಳ್ಬೇಡ."

ಅವನು ನಕ್ಕ. ಆ ನಗು ಮೀಸೆಯ ಒಂದು ತುದಿಯಿಂದ ಹೊರಟು ನಿಧಾನವಾಗಿ ಕಿವಿಗೆ ಹೋಗಿ ಕೆಂಪಾಗುತ್ತಿತ್ತು. ಅವಳು ಅದನ್ನು ಅಂದೇ ಗಮನಿಸಿದಳು, ಗಮನಿಸಿಲ್ಲವೆಂಬಂತೆ ಕಾರ್ಡು ಜೋಡಿಸಿದಳು.

"ಈ ಸಿಡಿಲಿನ ಕಾರ್ಡು ತೆಗಿ," ಎಂದ ಎಮೆಟ್.

"ಅಯ್ಯೋ, ನನ್ನ ಮುದ್ದಿನ ಸಿಡಿಲು!"

"ಸಿಡಿಲಿಗೆ ಒಂದು ಪ್ರಾಣಿ ಸಾಯುತ್ತೆ. ಈ ಪ್ರವಾಹ ಹಾಕ್ಕೋ, ಮೇಜೇ ತೊಳೆದುಹೋಗುತ್ತೆ."

"ಇಷ್ಟು ಮೆತ್ತಗೆ ಮಾತಾಡೋನು ಒಳಗೊಳಗೇ ಎಂಥಾ ರಾಕ್ಷಸ ನೀನು!"

ಗೆಲ್ಲಿಸುವ ಕಾರ್ಡಾಗಿ ಅವನು ತನ್ನದೇ ಹಳೆಯ ಆಳದ ರಾಣಿಯನ್ನು ಕೊಟ್ಟ. ಮುಂದಿನ ಗುರುವಾರದಿಂದ ವಾರ ವಾರವೂ ಅಭ್ಯಾಸ ಶುರುವಾಯಿತು. ಚಿಪ್ಸ್ ಪೊಟ್ಟಣದಲ್ಲಿ ಇಬ್ಬರ ಬೆರಳು ತಾಕುತ್ತಿದ್ದವು, ಇಬ್ಬರೂ "ಸಾರಿ" ಎನ್ನುತ್ತಿದ್ದರು, ಮತ್ತೆ ಇಬ್ಬರೂ ಅಲ್ಲಿಗೇ ಕೈ ಹಾಕುತ್ತಿದ್ದರು. ಆಟ ಮಾತ್ರ ಮುಗಿಯುತ್ತಲೇ ಇರಲಿಲ್ಲ. "ರಾಣಿ ತಳದಲ್ಲಿದ್ದಾಳೆ, ಬರ್ತಾಳೆ," ಎನ್ನುತ್ತಿದ್ದ ಎಮೆಟ್. ಅಷ್ಟರಲ್ಲಿ ಅಂಗಡಿಯವನು ಬಂದು, "ಏಳ್ರಪ್ಪಾ, ಬೀಗ ಹಾಕ್ಬೇಕು," ಎಂದು ಮೇಜು ಒರೆಸುತ್ತಿದ್ದ.

ಈಗ ಸಿಗ್ನಿ ಕೋಟನ್ನೂ ಹಾಕಿಕೊಳ್ಳದೆ ಹಿಂಬಾಗಿಲಿನಿಂದ ಹೊರಗೆ ಬಂದಳು. ಎಮೆಟ್ ಅವಳ ಕಾರಿನ ಗಾಜಿಗೆ ಅಂಟಿದ ಹಿಮವನ್ನು ಕೆರೆಯುತ್ತಿದ್ದ.

"ಫೈನಲ್ ನೋಡೋಕೆ ಎದೆ ತಡೀಲಿಲ್ಲ, ಅದಕ್ಕೆ ಇಲ್ಲಿ ಬಂದೆ. ಗೆದ್ಯಾ?"

"ರಾಣಿ ಎಲ್ಲಿ?"

"ಅಂದ್ರೆ?"

"ರಾಣಿ ಎಲ್ಲಿ ಅಂದೆ, ಎಮೆಟ್."

ಕೆರೆಯುವ ಕೈ ನಿಂತಿತು. ಅವನ ಇನ್ನೊಂದು ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಹೊರಬಂದದ್ದು ಆಳದ ರಾಣಿ.

"ದೇವರೇ... ನಾನು ಹಾಕ್ಲೇ ಇಲ್ವಾ?"

ಸಿಗ್ನಿ ಕಾರ್ಡನ್ನು ಅವನ ಕೈಯಿಂದ ಕಿತ್ತುಕೊಂಡಳು. "ನೀನೇ ತೆಗೆದಿದ್ಯಾ? ನನ್ನನ್ನ ಸೋಲಿಸೋಕಾ?"

"ಅಲ್ಲ! ಆಣೆಗೂ ಅಲ್ಲ. ಅವಳು ಬಂದ್ರೆ ಆಟ ಮುಗಿಯುತ್ತೆ. ಆಟ ಮುಗಿದ್ರೆ ನೀನು ಕೋಟು ಹಾಕ್ಕೊಂಡು ಹೊರಟುಬಿಡ್ತೀಯ. ಅದಕ್ಕೆ ಅವಳ ಜಾಗಕ್ಕೆ ಒಂದು ನೆಲ ಇಟ್ಟೆ. ಬೆಳಿಗ್ಗೆ ಕವರು ಬದಲಾಯಿಸುವಾಗ ವಾಪಸ್ ಸೇರಿಸಬೇಕು ಅಂತಿದ್ದೆ. ನಿಂಗೆ ಹೇಳ್ಬೇಕಾದ್ದನ್ನೇ ಯೋಚಿಸ್ತಾ ಯೋಚಿಸ್ತಾ ಕೈ ತನ್ನ ಪಾಡಿಗೆ ಕವರು ಹಾಕ್ತಾ ಹೋಯ್ತು, ಅವಳನ್ನ ಸೇರಿಸೋದೇ ಮರೆತುಬಿಟ್ಟೆ."

"ಯಾವಾಗಿಂದ ತೆಗೆದಿಟ್ಟಿದ್ದೆ?"

"ಮೊದಲನೇ ಗುರುವಾರದಿಂದ."

ಇಡೀ ಚಳಿಗಾಲ ಅವಳು ಗೆಲ್ಲಲಾಗದ ಡೆಕ್ ಹಿಡಿದು ಕೂತಿದ್ದಳು! ಕಿರುಚಬೇಕೆಂದು ಬಾಯಿ ತೆರೆದಳು. ಆಗ ಎರಡನೆಯ ಹೊಡೆತ ಬಿತ್ತು, ಮೊದಲನೆಯದಕ್ಕಿಂತ ಜೋರಾಗಿ.

ಡೆಕ್ ಅವಳ ಚೀಲದಲ್ಲೇ ಇರುತ್ತಿತ್ತು. ತನ್ನ ಹಳೆಯ, ಮುನ್ನುಗ್ಗುವ ಡೆಕ್ಕನ್ನು ಆಟಕ್ಕೆ ಮುಂಚೆ ಬಿಚ್ಚಿ, ಹರಡಿ, ಒಂದೊಂದೇ ಕಾರ್ಡು ನೋಡಿ ಜೋಡಿಸುವುದು ಅವಳ ರೂಢಿ. ಆಡುವವರೆಲ್ಲ ಹಾಗೇ ಮಾಡುತ್ತಾರೆ. ಈ ಡೆಕ್ಕನ್ನು ಮಾತ್ರ ಅವಳು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

"ನಾನೂ ನೋಡ್ಲಿಲ್ಲ," ಎಂದಳು ಮೆಲ್ಲಗೆ, ತನ್ನ ಮಾತಿಗೆ ತಾನೇ ದಂಗಾಗಿ. "ಆಟ ಯಾಕೆ ಮುಗೀತಿಲ್ಲ ಅಂತ ಒಂದಿನವೂ ನೋಡ್ಲಿಲ್ಲ ಎಮೆಟ್. ನಂಗೂ ಮುಗಿಯೋದು ಬೇಕಿರ್ಲಿಲ್ಲ."

ಅವನು ಹಿಮ ಕೆರೆಯುವ ಪಟ್ಟಿಯನ್ನು ಕಾರಿನ ಮೇಲಿಟ್ಟು ಅವಳತ್ತ ಒಂದು ಹೆಜ್ಜೆ ಬಂದ.

"ಆದ್ರೂ ಕೋಪ ಇದೆ. ಶಿಕಾಗೋ ಹೋಯ್ತು ನಂದು."

"ಗೊತ್ತು. ತಪ್ಪು ನಂದೇ."

"ಕಾರ್ಡು ಕದ್ದಿಡೋ ಬದಲು ಬಾಯಲ್ಲಿ ಹೇಳೋಕೆ ಏನಾಗಿತ್ತು? ಈಗ ಹೇಳು."

"ಹೋಗ್ಬೇಡ," ಎಂದ ಎಮೆಟ್. "ಸಿಗ್ನಿ, ಎದ್ದು ಹೋಗ್ಬೇಡ. ನೀನಂದ್ರೆ ನಂಗೆ..."

ಮುಗಿಸಲು ಅವಳು ಬಿಡಲಿಲ್ಲ. ಅವನ ಕೋಟಿನ ಕಾಲರ್ ಹಿಡಿದು ಎಳೆದು ಮುತ್ತಿಟ್ಟಳು. ಇಬ್ಬರ ಮೂಗೂ ಹಿಮದ ತುಂಡಿನಂತಿತ್ತು.

ಹಿಂಬಾಗಿಲು ತೆರೆಯಿತು. "ಅಯ್ಯಯ್ಯೋ! ಪಾಪ ಸೋತವಳು, ಸಮಾಧಾನ ಹೇಳೋಣ ಅಂತ ಬಂದ್ರೆ!" ವೆಲ್ಮಾ ತೆರೆದ ಬಾಯಿ ಮುಚ್ಚದೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬಾಗಿಲು ಹಾಕ್ಕೊಳ್ಳಿ ವೆಲ್ಮಾ," ಎಂದಳು ಸಿಗ್ನಿ, ತಿರುಗಿ ನೋಡದೆಯೇ. "ಒಳಗಿನವರಿಗೆ ಚಳಿಯಾಗುತ್ತೆ."