ಲಾಂಡ್ರಿಯ ಹಳೇ ಪ್ರಿಂಟರ್

ಎಲ್ಲರೂ ಕಡ್ಡಿ ಎಂದೇ ಕರೆಯುವ ಸಣಕಲು ಹುಡುಗಿ ಲಾಂಡ್ರಿಯಲ್ಲಿ ಕೂತು, ಒಗೆಯುವ ಬಟ್ಟೆಗಳಿಗೆ ಗುರುತಿನ ಪಟ್ಟಿ ಚುಚ್ಚುತ್ತಿದ್ದಳು. ಒಂದು ಅಂಗಿ, ಒಂದು ಪಿನ್ನು, ಹೆಸರು ಬರೆದ ಒಂದು ಬಟ್ಟೆಚೂರು. ಅಮ್ಮ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಳು. ತಾತ ಗೋಡೆಯ ಕಡೆ ಮುಖ ಮಾಡಿ ಇಸ್ತ್ರಿ ಹಾಕುತ್ತಿದ್ದರು.

ಮೊದಲು ಈ ಪಟ್ಟಿಗಳನ್ನು ತಾತನ ಪ್ರಿಂಟರ್ ಹೊಡೆದುಕೊಡುತ್ತಿತ್ತು. ಟರ್ರ್ ಟರ್ರ್ ಎಂದು ಸೂಜಿಗಳಿಂದ ಕುಟ್ಟಿ ಅದು ಮೂಡಿಸಿದ ಹೆಸರು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹಳೇ ಕಂಪ್ಯೂಟರ್ ಕೆಟ್ಟ ಮೇಲೆ ಪೆನ್ನಲ್ಲಿ ಬರೆಯತೊಡಗಿದರು. ನೀರಿಗೆ ಬಿದ್ದರೆ ಶಾಯಿ ಹರಡುತ್ತಿತ್ತು. ಮೊನ್ನೆ ಡಾಕ್ಟರ ಕೋಟು ಬೇಕರಿಗೆ ಹೋಗಿ, ಬೇಕರಿಯವರ ಕೋಟು ಡಾಕ್ಟರ ಮನೆ ಸೇರಿತ್ತು.

ಹೊಸ ಕಂಪ್ಯೂಟರಿಗೆ ಪ್ರಿಂಟರಿನ ಅಗಲ ಮೂತಿಯ ವೈರು ಹಿಡಿಸಲಿಲ್ಲ. ನಡುವೆ ಜೋಡಿಸುವ ಇನ್ನೊಂದು ವೈರನ್ನು ಅಮ್ಮ ತಂದಳು. ಆಗ ಪ್ರಿಂಟರ್ ಹೆಸರಿನ ಬದಲು ಕೊಕ್ಕೆ, ಚುಕ್ಕಿ, ನಕ್ಷತ್ರ ಹೊಡೆಯಿತು.

ನಿನ್ನೆ ಅಮ್ಮನಿಗೆ ರೇಗಿತು. ನಾಳೆ ಗುಜರಿಯವನು ಬಂದಾಗ ಈ ಡಬ್ಬಾನ ಎತ್ತಿ ಕೊಡುತ್ತೇನೆ ಎಂದುಬಿಟ್ಟಳು. ಅದು ಹೋದರೆ ತಾನೂ ಅಂಗಡಿಗೆ ಕಾಲಿಡುವುದಿಲ್ಲ ಎಂದರು ತಾತ.

ಅಷ್ಟೇ. ಆಮೇಲೆ ಎಲ್ಲವನ್ನೂ ಕಡ್ಡಿಯ ಕೈಲೇ ಹೇಳಿಸಿದರು. ತಾತನಿಗೆ ಊಟಕ್ಕೆ ಏಳೋಕೆ ಹೇಳು. ನನಗೆ ಹಸಿವಿಲ್ಲ ಅಂತ ನಿಮ್ಮಮ್ಮನಿಗೆ ಹೇಳು. ಇಬ್ಬರ ಮಧ್ಯೆ ಇದ್ದದ್ದು ಒಂದು ಇಸ್ತ್ರಿ ಮೇಜು ಮಾತ್ರ.

ಪಟ್ಟಿ ಚುಚ್ಚಿ ಮುಗಿಸಿದ ಕಡ್ಡಿ ಎದ್ದು ಪ್ರಿಂಟರಿನ ವೈರನ್ನು ಕಂಪ್ಯೂಟರಿನಿಂದ ಬಿಚ್ಚಿದಳು. ತಾತ ಮಾಡುವುದನ್ನು ಅವಳು ನೋಡಿದ್ದಳು. ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಪ್ರಿಂಟರ್ ತನ್ನಷ್ಟಕ್ಕೆ ತಾನೇ ಎ ಬಿ ಸಿ ಡಿ ಹೊಡೆಯುತ್ತದೆ.

ಹೊಡೆಯಿತು. ಎಲ್ಲ ಅಕ್ಷರಗಳೂ ನೆಟ್ಟಗಿದ್ದವು.

"ಅಮ್ಮ, ಇದು ಕೆಟ್ಟಿಲ್ಲ. ನಾವು ಹೇಳ್ತಿರೋದು ಇದಕ್ಕೆ ಅರ್ಥ ಆಗ್ತಿಲ್ಲ, ಅಷ್ಟೆ."

ಅಮ್ಮ ಹಾಳೆಯನ್ನು ಬೆರಳಲ್ಲಿ ಸವರಿದಳು. ಅವಳ ದನಿ ತಗ್ಗಿತು. ಈ ಪ್ರಿಂಟರಿನ ಮಾಡೆಲ್ ಯಾವುದೆಂದು ಕಂಪ್ಯೂಟರ್ ಕೇಳುತ್ತಿದೆಯಂತೆ, ಲಿಸ್ಟಿನಲ್ಲಿ ನೂರಾರು ಹೆಸರುಗಳಿವೆಯಂತೆ, ಸರಿಯಾದದ್ದನ್ನು ಆರಿಸಿದರೆ ಮಾತ್ರ ಅಕ್ಷರ ಸರಿಯಾಗಿ ಬೀಳುತ್ತದಂತೆ. ಇದರ ಮೈಮೇಲಿದ್ದ ಹೆಸರೋ ಎಂದೋ ಸವೆದುಹೋಗಿತ್ತು.

"ನಿಮ್ಮ ತಾತನಿಗೆ ಗೊತ್ತಿರತ್ತೆ. ಕೇಳ್ಕೊಂಡು ಬಾ."

ಕಡ್ಡಿ ಹೋಗಿ ಕೇಳಿದಳು. ತಾತ ಅಂಗಿಯ ಕಾಲರ್ ತಿರುಗಿಸಿ ಹಾಕಿದರು.

"ಅವಳಿಗೆ ಬಾಯಿಲ್ವಂತಾ? ಅವಳೇ ಕೇಳ್ಲಿ, ಹೇಳ್ತೀನಿ."

ಕಡ್ಡಿ ಅಮ್ಮನತ್ತ ತಿರುಗಿದಳು. ಬಾಯಿವರೆಗೆ ಬಂದ ಮಾತು ಅಲ್ಲೇ ನಿಂತಿತು. ತಾನು ಮಾತು ಹೊತ್ತು ಓಡಾಡುತ್ತಿದ್ದುದರಿಂದಲೇ ಇವರಿಬ್ಬರೂ ಇದ್ದಲ್ಲೇ ಇದ್ದರು. ಈ ಮಾತನ್ನು ಅವಳು ಒಯ್ಯಲಿಲ್ಲ.

ಬೀದಿಯ ತಿರುವಿನಲ್ಲಿ ಗುಜರಿ ಗಾಡಿಯ ಗಂಟೆ ಕೇಳಿಸಿತು.

ಕಡ್ಡಿ ಪ್ರಿಂಟರಿನ ವೈರನ್ನು ಮತ್ತೆ ಸಿಕ್ಕಿಸಿದಳು. ಅಮ್ಮನ ಸ್ಟೂಲಿಗೆ ತಾಗುವಂತೆ ಇನ್ನೊಂದು ಸ್ಟೂಲು ಎಳೆದಿಟ್ಟಳು.

"ತಾತ, ಇಲ್ಲಿ ಬಂದು ಕೂತ್ಕೊಳ್ಳಿ. ಅಮ್ಮ, ನೀನೇ ಕೇಳು."

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ತಾತ ಗೋಡೆಯ ಕಡೆಯಿಂದ ಇತ್ತ ಮುಖ ತಿರುಗಿಸಿದರು.